ಧಣಿ ತೂಗಿ ಕೊಟ್ಟ ಗೋವಿನಜೋಳ

ಮೊದಲ ಮಳೆ ಬಿದ್ದ ದಿನ ಒಬ್ಬ ಹೆಣ್ಣುಮಗಳು ತನ್ನ ಹೊಲ ಬಿಟ್ಟು ಇನ್ನೊಬ್ಬರ ಹೊಲದಲ್ಲಿ ಬೀಜ ಊರಿದಳು. ಸಂಜೆ ಅವಳಿಗೆ ಕೂಲಿಯೆಂದು ಒಂದು ಬೋಗುಣಿ ತೌಡು ಕೊಟ್ಟರು. ಅದನ್ನೇ ಕುದಿಸಿ ಅವಳು ಮಕ್ಕಳಿಗೆ ಉಣಿಸಿದಳು.

ಇಷ್ಟು ನಡೆಯಿತು. ಇದರ ಮೇಲೆ ಈಗಲೇ ನಾನೇನೂ ಹೇಳುವುದಿಲ್ಲ. ನೀವು ಇದನ್ನು ಮರೆಯದೆ ಕೂತಿರಿ.

ಶರಣ ಬಂಧುಗಳೇ, ಈ ಶ್ರಾವಣದ ಪ್ರವಚನದಲ್ಲಿ ಇವತ್ತು ಕಾಯಕದ ಬಗ್ಗೆ ಮಾತಾಡಿ ಎಂದು ಸಮಿತಿಯ ಹಿರಿಯರು ಹೇಳಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು, "ಅಪ್ಪಾರ, ಜನ ಭಾಳ ಸೋಮಾರಿ ಆಗ್ಯಾರ. ಕೂಲಿಗೆ ಕರದರ ಬರವಲ್ಲರು. ಸ್ವಲ್ಪ ಬಿಸಿ ಮುಟ್ಟಸ್ರಿ" ಅಂದರು. ಆಗಲಿ, ಮುಟ್ಟಿಸೋಣ. ಯಾರಿಗೆ ಮುಟ್ಟುತ್ತದೆ ಅನ್ನುವುದನ್ನು ಕಡೆಗೆ ನೋಡೋಣ.

ಶ್ರೀಮಂತನೊಬ್ಬ ಇಲ್ಲದ ಊರು ಯಾವುದಿದೆ, ಹೇಳಿ? ನಾನು ಹೇಳುವ ಊರಿನಲ್ಲೂ ಒಬ್ಬನಿದ್ದ. ಅವನಿಗೆ ಹೆಸರು ಬೇಡ. ಹೆಸರಿಟ್ಟರೆ ನೀವು 'ಸದ್ಯ, ನಾನಲ್ಲ' ಎಂದು ನಿರಾಳವಾಗಿ ಕೂತುಬಿಡುತ್ತೀರಿ. ಧಣಿ ಅನ್ನೋಣ, ಸಾಕು.

ಊರು ನಮ್ಮ ದೇಶದ್ದಲ್ಲ. ಆಫ್ರಿಕಾ ಖಂಡದಲ್ಲಿ ಮಲಾವಿ ಎಂಬ ದೇಶವಿದೆ. ನಮ್ಮ ಯಮನೂರಪ್ಪ, ಅಗೋ ಆ ಕಂಬಕ್ಕೆ ಒರಗಿ ಕೂತಿದ್ದಾನಲ್ಲ, ಬೋರ್‌ವೆಲ್ ಲಾರಿಯ ಸಂಗಡ ಅಲ್ಲಿಗೆ ಹೋಗಿ, ನೀರಿಗಾಗಿ ನೆಲ ಕೊರೆದು, ಬಹಳ ಕಾಲ ಇದ್ದು ಬಂದವನು. ಕಥೆ ಅವನದು. ತಪ್ಪಿದ್ದರೆ ಅವನನ್ನು ಕೇಳಿ, ಸಿಟ್ಟು ಬಂದರೆ ನನ್ನನ್ನು ಕೇಳಿ. ಅಲ್ಲಿನವರ ಭಾಷೆ ನನಗೆ ಬರುವುದಿಲ್ಲ. ನಮ್ಮ ಕಡೆಯ ಮಾತನ್ನೇ ಅವರ ಬಾಯಲ್ಲಿ ಆಡಿಸುತ್ತೇನೆ.

ಆ ಊರಿನ ಮಣ್ಣು ಕೆಂಪು. ವರ್ಷಕ್ಕೆ ಒಂದೇ ಮಳೆಗಾಲ, ಒಂದೇ ಬೆಳೆ. ಅದು ಗೋವಿನಜೋಳ. ಎತ್ತು ಇಲ್ಲ, ಟ್ರ್ಯಾಕ್ಟರ್ ಇಲ್ಲ, ಗುದ್ದಲಿಯಲ್ಲೇ ಮಣ್ಣೇರಿಸಿ ಬೋದು ಕಟ್ಟಬೇಕು. ಮಳೆ ಬಿದ್ದ ಕೂಡಲೇ ಬೋದಿನ ನೆತ್ತಿಯ ಮೇಲೆ ಬೀಜ ಊರಬೇಕು. ಜೋಳದ ಹಿಟ್ಟಿನಿಂದ ಗಟ್ಟಿಯಾಗಿ ಮುದ್ದೆ ತಿರುವುತ್ತಾರೆ, ನಾವು ಸಂಗಟಿ ಅನ್ನುವುದಿಲ್ಲವೇ, ಅದೇ. ಮುಂಜಾನೆ ಅದು, ರಾತ್ರಿ ಅದು. ಅದಿಲ್ಲದಿದ್ದರೆ ಏನೂ ಇಲ್ಲ.

ಧಣಿಯ ಹೊಲ ಊರಿನ ಬಾಗಿಲಿನಿಂದ ಹೊಳೆಯವರೆಗೆ. ಅವನದೇ ಗೋದಾಮು, ಅವನದೇ ಹಿಟ್ಟಿನ ಗಿರಣಿ. ಆದರೆ ನೋಡಿ, ಅವನು ಕೆಟ್ಟವನಲ್ಲ. ಪ್ರಾರ್ಥನೆಗೆ ತಪ್ಪದೆ ಹೋಗುತ್ತಿದ್ದ. ಯಾರಾದರೂ ಸತ್ತರೆ ಹೆಣದ ಪೆಟ್ಟಿಗೆಗೆ ಹಲಗೆ ಕೊಡುತ್ತಿದ್ದ. ಮಕ್ಕಳ ತಲೆ ಸವರುತ್ತಿದ್ದ. 'ನಾನಿಲ್ಲದಿದ್ದರೆ ಈ ಊರು ಉಪವಾಸ ಸಾಯುತ್ತಿತ್ತು' ಎಂದು ದೇವರಾಣೆಗೂ ನಂಬಿದ್ದ. ಕೆಟ್ಟವನ ಕಥೆ ಆಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ನಿಮ್ಮದೂ.

ಈಗ ಆ ಹೆಣ್ಣುಮಗಳಿಗೆ ಬರೋಣ. ಅವಳನ್ನು ನಾಫಿರಿ ಎಂದು ಕರೆಯುತ್ತಿದ್ದರು. ಫಿರಿ ಎಂಬುದು ಅವಳ ಬೆಡಗು, ಕುಲದ ಹೆಸರು. ಆ ಬೆಡಗಿನ ಹೆಣ್ಣುಮಗಳನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಗಂಡ ದಕ್ಷಿಣದ ಗಣಿಗೆ ದುಡಿಯಲು ಹೋದವನು, ಮೊದಲು ಸುದ್ದಿ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಹಲ್ಲು ಸಡಿಲಾದರೂ ನಾಲಿಗೆ ಸಡಿಲಾಗದ ಒಬ್ಬ ಮುದುಕಿ ತಾಯಿ. ಗುಡ್ಡದ ಕೆಳಗೆ ಒಂದು ತುಂಡು ಹೊಲ. ಹೊಲ ತಾಯಿಯದು. ಅಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಭೂಮಿ ಹೆಣ್ಣಿನದು, ಮಾತು ಮಾತ್ರ ಅಣ್ಣನದು. ಮನೆತನದ ಅಕ್ಕತಂಗಿಯರಿಗೆಲ್ಲ ಹಿರಿಯ ಅಣ್ಣನೇ ಯಜಮಾನ. ಅವನ ಮುಂದೆ ಮೊಣಕಾಲೂರದೆ ತಂಗಿಯಾದವಳು ನೀರು ಕೊಡುವಂತಿಲ್ಲ, ಉತ್ತರವನ್ನೂ ಕೊಡುವಂತಿಲ್ಲ. ಅಣ್ಣ ಹೇಳಿದ ಮಾತಿಗೆ ಇಲ್ಲ ಅಂದ ತಂಗಿಯನ್ನು ಆ ಊರು ಕಂಡಿರಲಿಲ್ಲ.

ನಾಫಿರಿಯ ಅಣ್ಣ ಯಾರೆಂದುಕೊಂಡಿರಿ? ಧಣಿಯ ಮೇಸ್ತ್ರಿ. ಧಣಿಯ ಅಂಗಳದ ಮಾವಿನ ಮರಕ್ಕೆ ಹಳೆಯ ಲಾರಿ ಗಾಲಿಯ ಕಬ್ಬಿಣದ ರಿಮ್ ತೂಗುಹಾಕಿತ್ತು. ಮೇಸ್ತ್ರಿ ಅದಕ್ಕೆ ಸುತ್ತಿಗೆಯಿಂದ ಬಡಿದನೆಂದರೆ ಊರಿನ ಜನ ಗುದ್ದಲಿ ಹೊತ್ತು ಧಣಿಯ ಹೊಲಕ್ಕೆ ನಡೆಯಬೇಕು.

ಬೇಕು ಅಂತ ಕಾನೂನಿತ್ತೇ? ಇಲ್ಲ. ಯಾರಾದರೂ ಬಡಿಗೆ ಹಿಡಿದು ನಿಂತಿದ್ದರೇ? ಇಲ್ಲ. ಮತ್ತೇಕೆ ಹೋಗುತ್ತಿದ್ದರು?

ಇಲ್ಲಿ ಸ್ವಲ್ಪ ಗಮನ ಕೊಡಿ. ಪ್ರಸಾದದ ಘಮ ಬರುತ್ತಿದೆ, ನನಗೂ ಬರುತ್ತಿದೆ, ಆದರೂ ಗಮನ ಕೊಡಿ. ಆ ಊರಲ್ಲಿ ಬಡವರ ಮನೆಯ ಕಣಜ ಬರಿದಾಗುವುದು ಮಳೆಗಾಲದ ಬಾಗಿಲಿಗೆ. ಹಳೆಯ ಬೆಳೆ ತಿಂದು ಮುಗಿದಿರುತ್ತದೆ, ಹೊಸ ಬೆಳೆಯ ಬೀಜ ಇನ್ನೂ ಕೈಯಲ್ಲಿರುತ್ತದೆ. ಹಸಿವು ಬರುವ ತಿಂಗಳೂ ಬಿತ್ತುವ ತಿಂಗಳೂ ಒಂದೇ. ಮಳೆ ಬಿದ್ದ ಬೆಳಗ್ಗೆ ಹೊಲ ಕರೆಯುತ್ತದೆ, ಹೊಟ್ಟೆಯೂ ಕರೆಯುತ್ತದೆ. ಮಕ್ಕಳು ಅಳುತ್ತಿರುವಾಗ ಯಾವ ತಾಯಿ ಹೊಲದ ಕರೆಗೆ ಓಗೊಡುತ್ತಾಳೆ? ಅವಳು ಧಣಿಯ ಹೊಲಕ್ಕೆ ಹೋಗುತ್ತಾಳೆ, ಅಂದಿನ ಮುದ್ದೆಗೆ. ಮರುದಿನವೂ ಹೋಗುತ್ತಾಳೆ, ಮರುದಿನದ ಮುದ್ದೆಗೆ. ಧಣಿಯ ಬಿತ್ತನೆ ಮುಗಿದು ಅವಳು ತನ್ನ ಹೊಲಕ್ಕೆ ಕಾಲಿಡುವಷ್ಟರಲ್ಲಿ ಹದ ಹೋಗಿರುತ್ತದೆ. ತಡವಾಗಿ ಬಿತ್ತಿದ ಜೋಳ ಎತ್ತರಕ್ಕೆ ಬೆಳೆಯುತ್ತದೆ, ನೆತ್ತಿಯಲ್ಲಿ ಸೂಲಂಗಿ ಹೂವು ಹಾರಿಸುತ್ತದೆ, ತೆನೆ ಕಟ್ಟುವುದಿಲ್ಲ. ತೆನೆ ಇಲ್ಲ, ಆದ್ದರಿಂದ ಕಣಜ ಖಾಲಿ. ಕಣಜ ಖಾಲಿ, ಆದ್ದರಿಂದ ಮುಂದಿನ ಮಳೆಗೂ ಧಣಿಯ ರಿಮ್ಮಿನ ಸದ್ದಿಗೆ ಓಟ. ಅವಳ ತಾಯಿ ಹೀಗೇ ಓಡಿದ್ದಳು. ತಾಯಿಯ ತಾಯಿಯೂ.

ಹೇಳಿ, ಇದರಲ್ಲಿ ಸೋಮಾರಿ ಯಾರು?

ಅಂಥ ಒಂದು ಮಳೆಯ ದಿನವೇ ನಾನು ಮೊದಲು ಹೇಳಿದ ಆ ತೌಡಿನ ದಿನ. ಗಿರಣಿಯಲ್ಲಿ ಜೋಳದ ಸಿಪ್ಪೆ ಸುಲಿದಾಗ ಉಳಿಯುವ ತೌಡು, ದನಕ್ಕೆ ಹಾಕುವಂಥದು. "ಈ ವರ್ಷ ಹಿಟ್ಟು ತುಟ್ಟಿ ಆಗೇತವ್ವಾ, ಸದ್ಯಕ್ಕ ಇದನ್ನ ಒಯ್ಯಿ" ಅಂದಿದ್ದ ಧಣಿ. ನಾಫಿರಿ ಎರಡೂ ಕೈ ಚಾಚಿ ಇಸಿದುಕೊಂಡಳು. "ಉಪಕಾರ ಆತು ಧಣಿ" ಎಂದೂ ಅಂದಳು.

ಆ ವರ್ಷ ಅವಳ ಹೊಲದಲ್ಲಿ ತೆನೆಗಿಂತ ಗರಿಯೇ ಹೆಚ್ಚು.

ಸುಗ್ಗಿಯ ಹೊತ್ತಿಗೆ ಒಂದು ಹೊಸ ಸಂಗತಿ ನಡೆಯಿತು. ದೂರದ ಸಂಸ್ಥೆಯೊಂದರವರು ಊರಿಗೆ ಬಂದರು. ಅಕ್ಕಿ ತರಲಿಲ್ಲ, ಕಂಬಳಿ ತರಲಿಲ್ಲ, ಉಪದೇಶವನ್ನಂತೂ ತರಲೇ ಇಲ್ಲ. ಬಡವರ ಮನೆಗೆ ಒಂದೊಂದು ಸಣ್ಣ ಮೊಬೈಲ್ ಕೊಟ್ಟು, "ತಿಂಗಳಿಗೊಮ್ಮೆ ಇದರಲ್ಲಿ ದುಡ್ಡು ಬರುತ್ತದೆ. ಏನು ಮಾಡಬೇಕೆಂದು ನೀವೇ ನೋಡಿಕೊಳ್ಳಿ. ಮುಂದಿನ ಬೆಳೆ ಕೈಗೆ ಬರುವ ಹೊತ್ತಿಗೆ ಇದು ನಿಲ್ಲುತ್ತದೆ" ಎಂದು ಹೇಳಿ ಹೋದರು.

ನೀವೇ ನೋಡಿಕೊಳ್ಳಿ! ಆ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಊರಿಗೆ ನಿದ್ದೆಯೇ ಹತ್ತಲಿಲ್ಲವಂತೆ. ಇದು ಮಾಟವಿರಬೇಕೆಂದರು ಕೆಲವರು. ಮಕ್ಕಳನ್ನು ಹಿಡಿದೊಯ್ಯಲು ಬಂದವರೆಂದರು ಇನ್ನು ಕೆಲವರು. ಬೋರ್‌ವೆಲ್ ಪಂಪಿನ ಹತ್ತಿರ ಹೆಂಗಸರಿಗೆ ಇದೇ ಮಾತು.

"ನನ್ನ ಗಂಡ ಫೋನ ತಲಿದಿಂಬಿನ ಬುಡಕ ಇಟಗೊಂಡ ಮಲಗ್ಯಾನ. ನನ್ನ ಕಡೆ ಹೊಳ್ಳಿನೂ ನೋಡವಲ್ಲ."

"ನಿನಗ ಅದರಾಗ ನಷ್ಟ ಏನೈತಿ ಬಿಡವಾ, ಅರಾಮ ನಿದ್ದಿ ಮಾಡು."

ನಗು. ಆ ಊರಲ್ಲಿ ಆ ತಿಂಗಳು ಜನ ಸಾಬೂನು ಕೊಂಡರು. ಉಪ್ಪು ಕೊಂಡರು, ಮೇಕೆ ಕೊಂಡರು, ತಗಡು ಕೊಂಡರು. ಒಬ್ಬ ಕುಡಿದ. ಹೌದು, ಕುಡಿದ, ಮೂರು ದಿನ ದಾರಿಯಲ್ಲೇ ಬಿದ್ದಿದ್ದ. ಮುಂದಿನ ಸಾಲಿನಲ್ಲಿ ಯಾರೋ 'ನೋಡಿದಿರಾ' ಎಂಬಂತೆ ಪಕ್ಕದವರ ಮುಖ ನೋಡುತ್ತಿದ್ದೀರಿ. ಒಬ್ಬ ಕುಡಿದನೆಂದು ಊರಿನ ಉಳಿದವರ ಬಾಯಿಗೆ ಮಣ್ಣು ಹಾಕೋಣವೇ? ಹಾಗಾದರೆ ಈ ಮಂಟಪ ಕಟ್ಟಲು ದೇಣಿಗೆ ಕೊಟ್ಟವರಲ್ಲಿ ಬಾರ್ ಇಟ್ಟವರೂ ಇದ್ದಾರೆ. ಅವರ ಹೆಸರು ಕಲ್ಲಿನಲ್ಲಿ ಕೆತ್ತಿಸಿದ್ದೇವೆ. ಮೊದಲು ಆ ಕಲ್ಲು ಕೀಳೋಣ, ಆಮೇಲೆ ಕುಡಿದವನ ಸುದ್ದಿಗೆ ಹೋಗೋಣ.

ನಾಫಿರಿ ಏನು ಕೊಂಡಳು? ಗೋವಿನಜೋಳ ಕೊಂಡಳು. ಸುಗ್ಗಿಯ ಕಾಲದಲ್ಲಿ, ಊರ ತುಂಬ ಜೋಳವೇ ಇರುವಾಗ, ರೈತಳಾದವಳು ದುಡ್ಡು ಕೊಟ್ಟು ಜೋಳ ಕೊಂಡಳು! ಪಂಪಿನ ಹತ್ತಿರ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲಿ ಕೊಂಡಳು? ಧಣಿಯ ಗೋದಾಮಿನಲ್ಲಿ. ಇನ್ನೆಲ್ಲಿತ್ತು?

ಧಣಿಯೇ ತಕ್ಕಡಿಯ ಮುಂದೆ ಕೂತಿದ್ದ. ಅವಳನ್ನು ಕಂಡು ಅವನಿಗೂ ನಗು ಬಂತು.

"ಏನವ್ವಾ ನಾಫಿರಿ, ಮನಿ ಮ್ಯಾಲ ಹುಲ್ಲ ಕೊಳತ ಬಿದ್ದೈತಿ. ತಗಡ ಹಾಕಿಸೂದ ಬಿಟ್ಟು ಈಗ ಜೋಳ ತಗೋತಿಯಲ್ಲ!"

"ಮೊದಲ ಹೊಟ್ಟಿಗಿ ತಗಡ ಹೊಚ್ಚತೀನ್ರಿ ಧಣಿ. ಮನಿಗಿ ಆಮ್ಯಾಲ."

"ಭಾಳ ಶಾಣ್ಯಾಕಿ ಆಗೀ. ತಗೋ, ನಿನ್ನ ಮಕ್ಕಳ ಸಲುವಾಗಿ ಎರಡ ಹಿಡಿ ಹೆಚ್ಚಿಗಿ ಹಾಕೀನಿ."

ಹಾಕಿದ. ನಿಜವಾಗಿಯೂ ಹಾಕಿದ. ತನ್ನ ಕೈಯಾರೆ ಅಳೆದು, ತೂಗಿ, ಮೇಲೆ ಎರಡು ಹಿಡಿ ಸುರಿದು, ಚೀಲದ ಬಾಯಿ ಕಟ್ಟಿ, ಅವಳ ತಲೆಯ ಮೇಲೆ ಹೊರಿಸಿದ. ಮರುತಿಂಗಳು ಮತ್ತೆ ಬಂದಳು, ಮತ್ತೆ ತೂಗಿದ. ಅದರ ಮುಂದಿನ ತಿಂಗಳೂ ತೂಗಿದ. ದುಡ್ಡು ಎಣಿಸಿ ಕಿಸೆಗೆ ಹಾಕಿಕೊಂಡು, 'ಒಳ್ಳೆಯ ವ್ಯಾಪಾರವಾಯಿತು' ಎಂದು ಖುಷಿಪಟ್ಟ. ತಾನು ಏನನ್ನು ಮಾರುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ. ಜೋಳವನ್ನಷ್ಟೇ ಮಾರುತ್ತಿದ್ದೇನೆ ಅಂದುಕೊಂಡಿದ್ದ.

ಮನೆಯಲ್ಲಿ ಗೋಡೆಗುಂಟ ಚೀಲಗಳು ನಿಂತವು. ಮುದುಕಿ ತಾಯಿ ಚಾಪೆ ಬಿಟ್ಟು ಚೀಲದ ಮೇಲೇ ಕೂರತೊಡಗಿದಳು.

"ಕೆಳಗ ಇಳೀಬೇ, ಬಿದ್ದಗಿದ್ದೀ."

"ಇಳಿಯೂದಿಲ್ಲ. ಇಲಿ ಬಂದರ ಮೊದಲ ನನ್ನ ಕಚ್ಚಲಿ. ನನ್ನ ಜಲಮದಾಗ ಜೋಳದ ಮ್ಯಾಲ ಕುಂತಿದ್ದಿಲ್ಲ, ಕುಂದ್ರತೀನಿ."

ಬಿಸಿಲುಗಾಲ ಮುಗಿಯುತ್ತ ಬಂತು. ಬೋದು ಕಟ್ಟುವ ಸಮಯ. ಮೇಸ್ತ್ರಿ ರಿಮ್ ಬಡಿದ. ಹಿಂದಿನ ವರ್ಷ ಜಾತ್ರೆಯಂತೆ ನೆರೆಯುತ್ತಿದ್ದ ಅಂಗಳಕ್ಕೆ ಬೆರಳೆಣಿಕೆಯ ಜನ ಬಂದರು. ಮತ್ತೆ ಬಡಿದ. ಅಷ್ಟೇ ಜನ. ಧಣಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಛತ್ರಿ ಹಿಡಿದು ಊರು ಸುತ್ತಲು ಹೊರಟ. ಗುಡ್ಡದ ಕೆಳಗೆ ನಾಫಿರಿ ತನ್ನ ಹೊಲದಲ್ಲಿ ಗುದ್ದಲಿ ಎತ್ತಿ ಎತ್ತಿ ಹಾಕುತ್ತಿದ್ದಳು. ಬೆನ್ನಿಗೆ ಕಟ್ಟಿಕೊಂಡ ಸಣ್ಣದು ನಿದ್ದೆ ಹೋಗಿತ್ತು. ಅವಳ ಸೀರೆ, ಅಲ್ಲಿ ಸೀರೆಯಲ್ಲ, ಸೊಂಟಕ್ಕೆ ಸುತ್ತಿದ ಬಟ್ಟೆ, ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಧಣಿ ಬದುವಿನ ಮೇಲೆ, ಛತ್ರಿಯ ನೆರಳಲ್ಲಿ ನಿಂತು ಹೇಳಿದ:

"ಪುಕ್ಕಟ ದುಡ್ಡ ಬಂದು ನೀವೆಲ್ಲಾ ಸೋಮಾರಿ ಆಗೀರಿ."

ನಾಫಿರಿ ಗುದ್ದಲಿ ನಿಲ್ಲಿಸಿದಳು, ಹಣೆಯ ಬೆವರು ಒರೆಸಿಕೊಂಡಳು, "ಹೌದ್ರಿ ಧಣಿ" ಅಂದಳು. ಮತ್ತೆ ಗುದ್ದಲಿ ಎತ್ತಿದಳು.

ನಗುತ್ತೀರಿ. ನಗಿ. ಆದರೆ ಧಣಿಗೆ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ. ಅವನ ಕಣ್ಣಿಗೆ ಅವಳ ಬೆವರು ಬೀಳಲಿಲ್ಲ. ಅದು ಅವನ ಮಣ್ಣಿನ ಮೇಲೆ ಬಿದ್ದಾಗ ಮಾತ್ರ ಅವನು ಅದನ್ನು ಕೆಲಸ ಅನ್ನುತ್ತಿದ್ದ.

ಆ ಸಂಜೆ ಧಣಿ ಮೇಸ್ತ್ರಿಯನ್ನು ಕರೆದ. ಕೂರು ಅನ್ನಲಿಲ್ಲ.

"ಆ ದುಡ್ಡ ಈ ಬೆಳಿ ಬರೂದರಾಗ ನಿಲ್ಲತೈತಿ. ಆಮ್ಯಾಲ ಇವರು ಎಲ್ಲಿಗಿ ಬರಬೇಕು?"

"ಇಲ್ಲಿಗೇ ಬರಬೇಕ್ರಿ."

"ಹೌದಲ್ಲ? ಹಂಗಾದರ ಊರಾಗ ಹೇಳು. ಮೊದಲ ಮಳಿ ದಿನ ರಿಮ್ ಬಡದ ಕೂಡ್ಲೆ ಯಾರು ಬರೂದಿಲ್ಲೋ, ಅವರಿಗಿ ಮುಂದ ಈ ಗೇಟು ತಗಿಯೂದಿಲ್ಲ. ಹಸದರೂ ತಗಿಯೂದಿಲ್ಲ, ಸತ್ತರ ಪೆಟಗಿ ಹಲಗಿನೂ ಇಲ್ಲ. ಮೊದಲ ನಿನ್ನ ತಂಗಿನ್ನ ಕರ್ಕೊಂಡ ಬಾ. ಆಕಿ ಬಂದರ ಎಲ್ಲಾರೂ ಬರ್ತಾರ. ಆಕಿ ಬರಲಿಲ್ಲ ಅಂದರ, ರಿಮ್ ಬಡಿಯಾಕ ಬ್ಯಾರೆಯವರು ಭಾಳ ಮಂದಿ ಅದಾರ."

ಮೇಸ್ತ್ರಿ ಅದನ್ನು ಊರಲ್ಲಿ ಹೇಳಿ ಮನೆಗೆ ಹೋದ. ಅವನಿಗೂ ಹೆಂಡತಿ, ಮಕ್ಕಳು. ಮಳೆ ಯಾವಾಗ ಬೀಳುತ್ತದೋ ಎಂದು ಊರೆಲ್ಲ ಮುಗಿಲು ನೋಡುತ್ತಿತ್ತು. ಬೀಳಬಾರದೆಂದು ಮುಗಿಲು ನೋಡಿದವನು ಅವನೊಬ್ಬನೇ.

ಕಥೆಯನ್ನು ಇಲ್ಲಿ ನಿಲ್ಲಿಸುತ್ತೇನೆ. ಮಳೆ ಇನ್ನೂ ಬಿದ್ದಿಲ್ಲ, ಹಾಗೇ ಇರಲಿ. ನಿಮ್ಮ ಹತ್ತಿರ ಒಂದು ಮಾತು ಆಡುವುದಿದೆ.

ನಿನ್ನೆ ಪ್ರಸಾದದ ಪಂಕ್ತಿಯಲ್ಲಿ ನನ್ನ ಹಿಂದೆಯೇ ಯಾರೋ ಮಾತಾಡುತ್ತಿದ್ದರು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಮಾತು ನಿಲ್ಲುತ್ತಿತ್ತು. "ಅಕ್ಕಿ ಪುಕ್ಕಟ, ಬಸ್ಸ ಪುಕ್ಕಟ, ಮ್ಯಾಲ ತಿಂಗಳಾ ತಿಂಗಳಾ ಹೆಂಗಸರ ಖಾತೇಕ ದುಡ್ಡು. ಇನ್ನ ಹತ್ಯಾಗಿನ ಕಳೆ ಯಾರ ತಗೀತಾರ್ರೀ?" ಎಂದ ಒಬ್ಬ. "ಸೊಕ್ಕ ಬಂದೈತಿ ಅವಕ್ಕ" ಎಂದ ಇನ್ನೊಬ್ಬ. ಹಾಗೆಂದವನ ಎಲೆಗೆ ಆಗ ಹೋಳಿಗೆ ಬೀಳುತ್ತಿತ್ತು. ಪುಕ್ಕಟೆ ಹೋಳಿಗೆ. ಮೇಲೆ ತುಪ್ಪ.

ಕೇಳಿ, ನಿಮ್ಮ ಹೊಲಕ್ಕೆ ಬಾರದ ದಿನ ಅವಳು ಎಲ್ಲಿದ್ದಳು? ಯಾರಾದರೂ ಕೇಳಿದ್ದೀರಾ? ನಾನು ಕೇಳಿಕೊಂಡು ಬಂದಿದ್ದೇನೆ. ಒಬ್ಬಳು ತನ್ನ ಒಂದು ತುಂಡು ಹೊಲದಲ್ಲಿ ಕಳೆ ಕೀಳುತ್ತಿದ್ದಳು, ನಿಮ್ಮ ಹತ್ತಿಯ ಕಳೆ ಮುಗಿಯುವವರೆಗೆ ತನ್ನ ಹತ್ತಿ ಕಾಯುವುದಿಲ್ಲ ಎಂದು. ಒಬ್ಬಳು ಮಗಳ ಬಾಣಂತನಕ್ಕೆ ಹೋಗಿದ್ದಳು. ಮತ್ತೊಬ್ಬಳು ಸೊಂಟ ನೋವೆಂದು ಮಲಗಿದ್ದಳು. ನೋವು ಹೊಸದಲ್ಲ, ಬಹಳ ವರ್ಷದ್ದು. ಮಲಗಿದ್ದು ಹೊಸದು. ನಿಮ್ಮ ಮನೆಯವರು ಸೊಂಟ ನೋವೆಂದು ಮಲಗಿದರೆ ಡಾಕ್ಟರನ್ನು ಕರೆಸುತ್ತೀರಿ. ಅವಳು ಮಲಗಿದರೆ ಸೊಕ್ಕು. ಅಲ್ಲವೇ?

ಕಾಯಕ, ಕಾಯಕ ಎಂದು ಈ ಮಂಟಪದ ಕಂಬಕ್ಕೆ ಕಂಬಕ್ಕೆ ಬರೆಸಿದ್ದೇವೆ. ತನ್ನ ಮಗುವಿನ ತಲೆ ಬಾಚುವುದು ಕಾಯಕವಲ್ಲವೇ? ತನ್ನ ಬೋದು ತಾನು ಕಟ್ಟುವುದು? ನಿಮ್ಮ ಅಂಗಳದಲ್ಲಿ ನಡೆದದ್ದು ಮಾತ್ರ ಕಾಯಕ, ಅವರ ಅಂಗಳದಲ್ಲಿ ನಡೆದದ್ದೆಲ್ಲ ಸೋಮಾರಿತನ ಎಂದು ಯಾವ ಶರಣ ಹೇಳಿದ? ನನಗೆ ತೋರಿಸಿ. ತೋರಿಸಿದರೆ ನಾಳೆಯಿಂದ ನಾನು ಈ ಗದ್ದುಗೆಯ ಮೇಲೆ ಕೂರುವುದಿಲ್ಲ.

ದಾಸೋಹ ಮಾಡುತ್ತೀರಿ, ಸಂತೋಷ. ಆದರೆ ಕೊಡುವ ಕೈ ಇಸಿದುಕೊಳ್ಳುವವರ ಕುತ್ತಿಗೆಯ ಮೇಲೆ ಇದ್ದರೆ ಅದನ್ನು ಏನೆಂದು ಕರೆಯೋಣ? ಧಣಿ ಕೊಟ್ಟ ತೌಡನ್ನು ನಾನು ದಾನ ಅನ್ನಲೇ? ಅವನು ಅಂದುಕೊಂಡಿದ್ದ. ನೀವೂ ಅಂದುಕೊಂಡಿದ್ದೀರಿ. ಮನೆಯ ಕೆಲಸದವಳಿಗೆ ನಿನ್ನೆಯ ಅನ್ನವನ್ನು ಬೇರೆ ಡಬ್ಬಿಯಲ್ಲಿ ಹಾಕಿ ಕೊಟ್ಟು, ಪಗಾರದಲ್ಲಿ ಅದನ್ನು ಹಿಡಿದುಕೊಂಡವರು ಇಲ್ಲಿದ್ದಾರೆ. ಕೈ ಎತ್ತಿ ಎಂದು ನಾನು ಕೇಳುವುದಿಲ್ಲ. ಅವಳೂ ಇಲ್ಲಿದ್ದಾಳೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದಾಳೆ. ಎಣಿಸಿಕೊಳ್ಳುವುದನ್ನು ಅವಳೇ ಎಣಿಸಿಕೊಳ್ಳಲಿ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಹೇಳುತ್ತೇನೆ. ನೀವು ಇಷ್ಟಪಡುವುದಿಲ್ಲ.

ಕೂಲಿಗೆ ಕರೆಯಲು ಹೋಗುವವರು ಓಣಿಯ ಬಾಯಲ್ಲಿ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುತ್ತೀರಿ. ನಿಮ್ಮ ಊರಿನ ರಿಮ್ ಅದೇ. ಇನ್ನು ಮುಂದೆ ಇಳಿದು ಹೋಗಿ, ಬಾಗಿಲಲ್ಲಿ ನಿಂತು ಮೊದಲು ಒಂದು ಮಾತು ಕೇಳಿ: "ನಿನ್ನ ಹೊಲದ್ದು ಆತೇನವ್ವಾ?" ಆಗಿಲ್ಲ ಎಂದರೆ ಹಿಂದಿರುಗಿ ಬನ್ನಿ. ಆಗಿದೆ ಎಂದರೆ ಕೂಲಿ ಎಷ್ಟೆಂದು ಅವಳು ಹೇಳಲಿ, ನೀವು ಕೇಳಿಸಿಕೊಳ್ಳಿ. ಹೊತ್ತು ಮುಳುಗುವ ಮೊದಲು ಕೂಲಿ ಅವಳ ಕೈಯಲ್ಲಿರಲಿ, ದುಡ್ಡಿನ ರೂಪದಲ್ಲಿ. ಹಳೆಯ ಸೀರೆ ಕೂಲಿಯಲ್ಲ, ಮಜ್ಜಿಗೆ ಕೂಲಿಯಲ್ಲ, 'ನಾಳಿ ಬಾ' ಕೂಲಿಯಲ್ಲ. ಕಡಿಮೆಗೆ ಬರುವುದಿಲ್ಲ ಎಂದರೆ ಸಿಟ್ಟಾಗಬೇಡಿ, ಅವಳ ಮನೆಯಲ್ಲಿ ಇವತ್ತಿನ ಅನ್ನವಿದೆ ಎಂದು ಸಂತೋಷಪಡಿ. ಅದಕ್ಕೂ ಸಂತೋಷಪಡಲಾಗದಿದ್ದರೆ ಶ್ರಾವಣದಲ್ಲಿ ಇಲ್ಲಿ ಬಂದು ಕೂರುವುದೇಕೆ?

ಇನ್ನೊಂದು. ಖಾತೆಗೆ ಬಂದ ದುಡ್ಡಲ್ಲಿ ಏನು ಕೊಂಡೆ ಎಂದು ಅವಳನ್ನು ಕೇಳುವುದನ್ನು ಬಿಡಿ. ಬಸ್‌ಸ್ಟ್ಯಾಂಡಿನಲ್ಲಿ, ಗಿರಣಿಯ ಮುಂದೆ, ಬ್ಯಾಂಕಿನ ಸಾಲಿನಲ್ಲಿ ಎಲ್ಲರೂ ಕೇಳುತ್ತಾರೆ. ಬಳೆ ಕೊಂಡಳೋ, ಔಷಧಿ ಕೊಂಡಳೋ, ಮೊಮ್ಮಗಳಿಗೆ ಐಸ್‌ಕ್ರೀಮ್ ಕೊಡಿಸಿದಳೋ! ನಿಮ್ಮ ಸೊಸೈಟಿಯ ಸಾಲ ಮನ್ನಾ ಆದಾಗ ಅವಳು ಬಂದು ನಿಮ್ಮನ್ನು ಕೇಳಿದಳೇ? ಕೇಳಲಿಲ್ಲ. ಅವಳಿಗಿರುವ ಸಭ್ಯತೆಯನ್ನು ನೀವೂ ಕಲಿಯಿರಿ.

ಸಮಿತಿಯ ಹಿರಿಯರೇ, ಬಿಸಿ ಮುಟ್ಟಿಸಿ ಎಂದಿರಿ. ಮುಟ್ಟಿತೋ?

ಈಗ ಮಳೆ ಬೀಳಲಿ.

ಬಿತ್ತು. ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಕಡೆಯಿಂದ ಬಂದು ತಗಡಿನ ಮೇಲೆ, ಹುಲ್ಲಿನ ಮೇಲೆ, ಕಾದ ಕೆಂಪು ಬೋದುಗಳ ಮೇಲೆ ಸುರಿಯಿತು. ನಾಫಿರಿ ಬೀಜದ ಗಂಟು ಸೊಂಟಕ್ಕೆ ಕಟ್ಟಿಕೊಂಡಳು. ಒಲೆಯ ಮೇಲೆ ಮುದ್ದೆ ತಿರುವಿ ಮಕ್ಕಳ ಮುಂದೆ ಇಟ್ಟಳು. ಅಷ್ಟರಲ್ಲಿ ರಿಮ್ಮಿನ ಸದ್ದು.

"ಅಗಾ, ನಿಮ್ಮಣ್ಣ ಬಡದ. ಹಲ್ಲೆಲ್ಲಾ ಅಲಗತಾವ ನನಗ" ಅಂದಳು ಚೀಲದ ಮೇಲಿದ್ದ ಮುದುಕಿ. ಆಮೇಲೆ ಮೆಲ್ಲಗೆ ಕೇಳಿದಳು, "ಯಾವ ಹೊಲಕ್ಕ ಹೊಂಟೆವ್ವಾ?"

"ನಿನ್ನ ಹೊಲಕ್ಕ."

ಮುದುಕಿ ಮೊಮ್ಮಕ್ಕಳನ್ನು ಚೀಲದ ಹತ್ತಿರ ಎಳೆದುಕೊಂಡಳು.

ನಾಫಿರಿ ಬಿತ್ತತೊಡಗಿದಳು. ಅಕ್ಕಪಕ್ಕದ ಹೊಲಗಳಲ್ಲಿ ಒಬ್ಬೊಬ್ಬರು ಗುದ್ದಲಿ ಹೆಗಲಿಗಿಟ್ಟು ನಿಂತಿದ್ದರು. ಬಿತ್ತುತ್ತಲೂ ಇರಲಿಲ್ಲ, ಧಣಿಯ ಕಡೆ ಹೋಗುತ್ತಲೂ ಇರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ. ಅಣ್ಣ ಮಳೆಯಲ್ಲಿ ತೊಯ್ದುಕೊಂಡು ಬದುವಿನ ಮೇಲೆ ಬಂದು ನಿಂತ. ಓಡಿ ಬಂದಿದ್ದ, ಏದುಸಿರು.

ನಾಫಿರಿ ಅವನನ್ನು ನೋಡಿದಳು. ಗುದ್ದಲಿ ಕೆಳಗಿಟ್ಟಳು. ಕೆಸರಿನಲ್ಲಿ, ಬೋದಿನ ಪಕ್ಕ, ಎರಡೂ ಮೊಣಕಾಲೂರಿ ಕೂತಳು. ಹಾಗೆ ಕೂತೇ ಅಣ್ಣನ ಜೊತೆ ಮಾತಾಡಬೇಕಲ್ಲ.

"ಏಳ ತಂಗೀ. ಧಣಿ ಕರದಾನ."

"ಕೇಳೇನಣ್ಣಾ."

"ಎಲ್ಲಾರೂ ನಿನ್ನ ಮಾರಿ ನೋಡಾಕ ಹತ್ಯಾರ. ನೀ ಹೊಂಟರ ಹೊರಡ್ತಾರ."

ಅವಳು ಸೊಂಟದ ಬೀಜದ ಗಂಟನ್ನು ಬಿಗಿ ಮಾಡಿಕೊಂಡಳು.

"ಈ ಫೋನಿನ ದುಡ್ಡ ನಿಲ್ಲತೈತಿ. ಮುಂದಿನ ವರ್ಷ ಮಕ್ಕಳ ಅತ್ತರ ಯಾವ ಬಾಗಲಕ ಹೋಗಿ ನಿಂದ್ರತಿ? ಹೇಳು. ಗೇಟು ತಗಿಯೂದಿಲ್ಲ ಅಂದಾನ."

"ದುಡ್ಡ ನಿಲ್ಲಲಿ. ಮಳಿ ಬಿದ್ದೈತಲ್ಲ."

"ಬೆಳಿ ಬರಲಿಲ್ಲ ಅಂದರ?"

"ಅವ್ವ ಮುಪ್ಪಾದ್ಲು, ಅಣ್ಣಾ. ಹದಕ್ಕ ಬಿತ್ತಿದರ ಈ ಹೊಲ ಎಷ್ಟ ಕೊಡತೈತಿ ಅಂತ ಆಕೀಗಿ ಇವತ್ತಿಗೂ ಗೊತ್ತಿಲ್ಲ. ನೋಡೇ ಇಲ್ಲ ಆಕಿ."

ಮಳೆಯ ನೀರು ಅವನ ಮುಖದ ಮೇಲೆ ಇಳಿಯುತ್ತಿತ್ತು. ಅವನ ದನಿ ಸಣ್ಣದಾಯಿತು.

"ನನ್ನ ಕೆಲಸ ಹೋಗತೈತಿ, ತಂಗೀ."

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದಳು:

"ಹೋದರ ಇಲ್ಲಿ ಬಾ. ಇದು ನಮ್ಮಿಬ್ಬರ ಅವ್ವನ ಹೊಲ. ಮನ್ಯಾಗ ಜೋಳ ಅದಾವ."

ಆಗ ಮತ್ತೆ ರಿಮ್ ಸದ್ದಾಯಿತು. ಮೇಸ್ತ್ರಿ ಇಲ್ಲಿದ್ದಾನೆ, ಹಾಗಾದರೆ ಬಡಿಯುತ್ತಿರುವವನು ಯಾರು? ಧಣಿಯೇ. ಅವನಿಗೆ ಬಡಿದು ಅಭ್ಯಾಸವಿರಲಿಲ್ಲ. ತಾಳವಿಲ್ಲದೆ, ಬಿಡುವಿಲ್ಲದೆ, ಸಿಕ್ಕಸಿಕ್ಕಲ್ಲಿ ಸುತ್ತಿಗೆ ಹಾಕುತ್ತಿದ್ದ. ಅಕ್ಕಪಕ್ಕದ ಹೊಲಗಳಲ್ಲಿ ಯಾರೂ ಅಲುಗಲಿಲ್ಲ.

ಅಣ್ಣ ಬೆನ್ನು ಸೆಟೆದು ನಿಂತ. ಮನೆತನದ ಹಿರಿಯನ ದನಿಯನ್ನು ಹೊಟ್ಟೆಯ ಒಳಗಿಂದ ಎಳೆದು ತಂದ.

"ನಾ ಹಿರಿಯ ಹೇಳತೀನಿ. ಇದು ನಿಮ್ಮಣ್ಣನ ಮಾತು. ಏಳು. ನಡಿ."

ನಾಫಿರಿ ಏಳಲಿಲ್ಲ. ಮೊಣಕಾಲೂರಿದಲ್ಲೇ ಮುಂದೆ ಬಾಗಿ, ಬೋದಿನ ನೆತ್ತಿಯಲ್ಲಿ ಬೆರಳಿನಿಂದ ಕುಳಿ ಮಾಡಿದಳು, ಬೀಜ ಹಾಕಿದಳು, ಅಂಗೈಯಿಂದ ಮಣ್ಣು ಮುಚ್ಚಿದಳು.

"ಬರೂದಿಲ್ಲ, ಅಣ್ಣಾ" ಅಂದಳು.